ತೂರಿದ್ದು ಯಾರು, ಒಯ್ದದ್ದು ಯಾರು?

ಮಕ್ಕಳೇ, ಈ ವಾರ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಅದಕ್ಕೂ ಮೊದಲು ಒಂದು ಹಳೆಯ ಕಥೆ.

ನಾನು ಬ್ಯಾಂಕಿಗೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ತೊಡೆಯ ಮೇಲಿಟ್ಟುಕೊಂಡರೆ ಕಾಲು ನೋಯುವಂಥ ಲೆಡ್ಜರ್ ಪುಸ್ತಕಗಳು, ಶಾಯಿ ಪೆನ್ನು, ಕಾರ್ಬನ್ ಕಾಗದ. ಸಂಜೆ ಕೌಂಟರ್ ಮುಚ್ಚಿದ ಮೇಲೆ ನಮ್ಮ ಅಸಲಿ ಕೆಲಸ ಶುರುವಾಗುತ್ತಿತ್ತು. ಬಂದದ್ದು ಎಷ್ಟು, ಹೋದದ್ದು ಎಷ್ಟು, ಎರಡೂ ಕಡೆ ತಾಳೆಯಾಗಬೇಕು. ಆಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಸಂಜೆ ೬೩ ರೂಪಾಯಿ ವ್ಯತ್ಯಾಸ ಬಂತು. ರಾತ್ರಿ ಎಂಟಾದರೂ ಸಿಗಲಿಲ್ಲ. ಹಿರಿಯ ಗುಮಾಸ್ತರೊಬ್ಬರು ಕನ್ನಡಕ ಹಣೆಗೇರಿಸಿ, "೬೩ ಒಂಬತ್ತರಿಂದ ಭಾಗವಾಗುತ್ತೆ ಕಣಯ್ಯಾ. ಎಲ್ಲೋ ಎರಡು ಅಂಕಿ ಅದಲುಬದಲಾಗಿದೆ, ಹುಡುಕು" ಅಂದರು. ಐದೇ ನಿಮಿಷದಲ್ಲಿ ಸಿಕ್ಕಿತು. ೮೧ ಬರೆಯಬೇಕಾದ ಕಡೆ ನಾನೇ ೧೮ ಬರೆದಿದ್ದೆ. ಅಂಕಿ ಎರಡೂ ಸರಿ, ಅವು ಕೂತ ಜಾಗ ಮಾತ್ರ ತಪ್ಪು.

ನಿವೃತ್ತನಾಗಿ ಇಷ್ಟು ವರ್ಷಗಳಾದ ಮೇಲೆ ಮತ್ತೆ ಅಂಥದ್ದೇ ತಪ್ಪು ಮಾಡಿದೆ. ಈ ಸಲ ಬ್ಯಾಂಕಿನಲ್ಲಲ್ಲ, ಒಂದು ಶಾಲೆಯಲ್ಲಿ, ನೂರಾರು ಮಕ್ಕಳ ಮುಂದೆ.

ಫೆಬ್ರುವರಿ ೨೮, ರಾಷ್ಟ್ರೀಯ ವಿಜ್ಞಾನ ದಿನ. ನಮ್ಮ ಬಡಾವಣೆಯ ಶಾಲೆಯ ಮೇಷ್ಟ್ರು ಬಂದು, "ಪತ್ರಿಕೆಯಲ್ಲಿ ಆಕಾಶದ ಬಗ್ಗೆ ಬರೀತೀರಲ್ಲ, ಮಕ್ಕಳಿಗೆ ಅರ್ಧ ಗಂಟೆ ಏನಾದರೂ ಹೇಳಿ ಸಾರ್" ಅಂದರು. ನಾನು ಬಿ.ಕಾಂ. ಓದಿದವನು, ವಿಜ್ಞಾನಿಯಲ್ಲ. ಆದರೂ ಹೋದೆ. ದೂರದ ನಕ್ಷತ್ರಗಳಿಗೂ ಗ್ರಹಗಳಿವೆ, ಕೆಲವು ಗ್ರಹಗಳು ತಮ್ಮ ನಕ್ಷತ್ರಕ್ಕೆ ತೀರಾ ಅಂಟಿಕೊಂಡಂತೆ ಸುತ್ತುತ್ತವೆ, ನಕ್ಷತ್ರದಿಂದ ಬೀಸುವ ಗಾಳಿ ಆ ಗ್ರಹದ ವಾತಾವರಣವನ್ನು ಉಫ್ ಎಂದು ಊದಿ ಹಾರಿಸಿಬಿಡುತ್ತದೆ ಎಂದೆಲ್ಲ ಕೈ ಬೀಸಿ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ತಾತ, ನೂರಾರು ಕೋಟಿ ವರ್ಷದಿಂದ ಆ ಗಾಳಿ ಬೀಸ್ತಾನೇ ಇದೆ ಅಂದ್ರಿ. ಊದಿದ್ರೆ ದೀಪ ಒಂದೇ ಸಲಕ್ಕೆ ಆರಿಹೋಗುತ್ತೆ. ಮತ್ತೆ ಆ ಗ್ರಹದಲ್ಲಿ ಇನ್ನೂ ಗಾಳಿ ಹೇಗೆ ಉಳಿದಿದೆ? ನಮ್ಮ ಭೂಮಿದೂ ಹಂಗೇ ಹಾರಿಹೋಗುತ್ತಾ?"

ನಾನು ಏನೋ ತೊದಲಿದೆ. ಗಂಟೆ ಹೊಡೆಯಿತು, ಬಚಾವಾದೆ. ಆದರೆ ಮನೆಗೆ ಬಂದರೆ ಊಟ ರುಚಿಸಲಿಲ್ಲ. ತಾಳೆಯಾಗದ ಲೆಕ್ಕ ಬಿಟ್ಟು ಬಂದಂತಿತ್ತು. ಹಾಗಾಗಿ ಕಾಗದ ಪೆನ್ಸಿಲ್ ತೆಗೆದುಕೊಂಡು ಮೊದಲಿನಿಂದ ಕೂತೆ. ನೀವೂ ಕೂತುಕೊಳ್ಳಿ.

ಮೊದಲು ಈ ಗ್ರಹಗಳು ಯಾವುವು ಎಂದು ನೋಡೋಣ. ನಮ್ಮ ಸೂರ್ಯನಿಗೆ ಅತಿ ಹತ್ತಿರದ ಗ್ರಹ ಬುಧ. ಅದು ಸರಾಸರಿ ೫ ಕೋಟಿ ೮೦ ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ ೮೮ ದಿನ ಬೇಕು. ೧೯೯೫ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕ್ವೆಲೋ ಎಂಬ ವಿಜ್ಞಾನಿಗಳು ಸುಮಾರು ೫೦ ಜ್ಯೋತಿರ್ವರ್ಷ ದೂರದ, ಸೂರ್ಯನಂಥದ್ದೇ ನಕ್ಷತ್ರವೊಂದರ ಸುತ್ತ ಒಂದು ಗ್ರಹ ಕಂಡುಹಿಡಿದರು. ಗುರುಗ್ರಹದ ಅರ್ಧದಷ್ಟು ತೂಕ, ಆದರೆ ಅದರ ವರ್ಷ ನಾಲ್ಕು ದಿನಕ್ಕಿಂತ ತುಸು ಹೆಚ್ಚು, ಅಷ್ಟೇ! ಸೋಮವಾರ ಯುಗಾದಿ ಮಾಡಿದರೆ ಶುಕ್ರವಾರ ಮತ್ತೆ ಯುಗಾದಿ. ಮೊದಮೊದಲು ಅನೇಕರು ನಂಬಲಿಲ್ಲ. ೨೦೧೯ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು.

ಅದೇ ೨೦೧೯ರಲ್ಲಿ ಇಂಥದ್ದೇ ಒಂದು ಗ್ರಹಕ್ಕೂ ಅದರ ನಕ್ಷತ್ರಕ್ಕೂ ಹೆಸರಿಡುವ ಅವಕಾಶ ನಮ್ಮ ಭಾರತಕ್ಕೆ ಸಿಕ್ಕಿತ್ತು. ನಕ್ಷತ್ರಕ್ಕೆ 'ಬಿಭಾ' ಎಂಬ ಹೆಸರಾಯಿತು, ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ. ಗ್ರಹಕ್ಕೆ 'ಸಂತಮಸ' ಎಂದಾಯಿತು. ಸಂತಮಸದ ಒಂದು ವರ್ಷ ಎಂದರೆ ನಮ್ಮ ಎರಡು ದಿನ, ಮೂರು ಗಂಟೆ ಚಿಲ್ಲರೆ.

ಇನ್ನು ಗಾಳಿಯ ವಿಷಯ. ಆಕಾಶದಲ್ಲಿ ಗಾಳಿಯೇ ಇಲ್ಲವಲ್ಲ, ಬೀಸುವುದು ಏನು? ನನ್ನ ವಯಸ್ಸಿನ ಓದುಗರು ಧೂಮಕೇತು ನೋಡಿರಬಹುದು. ಅದು ಸೂರ್ಯನ ಕಡೆಗೆ ಬರುತ್ತಿರಲಿ, ಹಿಂದಿರುಗಿ ಹೋಗುತ್ತಿರಲಿ, ಬಾಲ ಮಾತ್ರ ಸೂರ್ಯನಿಗೆ ಬೆನ್ನು ಹಾಕಿಯೇ ಇರುತ್ತದೆ. ಸೂರ್ಯನಿಂದ ಏನೋ ಹೊರಟು ಆ ಬಾಲವನ್ನು ತಳ್ಳುತ್ತಿರಬೇಕು ಎಂದು ೧೯೫೧ರಲ್ಲಿ ಜರ್ಮನಿಯ ಲುಡ್ವಿಗ್ ಬೀರ್ಮನ್ ಹೇಳಿದರು. ೧೯೫೮ರಲ್ಲಿ ಅಮೆರಿಕದ ಯೂಜಿನ್ ಪಾರ್ಕರ್ ಎಂಬ ಯುವ ವಿಜ್ಞಾನಿ ಅದಕ್ಕೆ ಲೆಕ್ಕ ಹಾಕಿದರು. ಸೂರ್ಯನ ಹೊರಗಿನ ಪದರ ಎಷ್ಟು ಬಿಸಿ ಎಂದರೆ ಅದು ಸುಮ್ಮನೆ ಕೂರಲಾರದು, ಎಲ್ಲ ದಿಕ್ಕಿಗೂ ಹರಿದು ಹೋಗಲೇಬೇಕು ಎಂದು ಅವರ ಲೆಕ್ಕ ಹೇಳಿತು.

ಅವರ ಪ್ರಬಂಧ ಓದಿದ ಇಬ್ಬರು ಪರಿಶೀಲಕರು 'ಇದು ಬೇಡ' ಎಂದರು. ಆ ಪತ್ರಿಕೆಯ ಸಂಪಾದಕರು ಯಾರು ಗೊತ್ತೇ? ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಿಚಾರ ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ಪರಿಶೀಲಕರಿಬ್ಬರೂ ಲೆಕ್ಕದಲ್ಲಿ ಒಂದು ತಪ್ಪನ್ನೂ ತೋರಿಸಿರಲಿಲ್ಲ. ಹಾಗಾಗಿ ಪ್ರಕಟಿಸಿದರು. ೧೯೬೨ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್-೨ ನೌಕೆ ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆಯಿತು. ಅದೇ ಸೌರಮಾರುತ. ಸೂರ್ಯ ಸೆಕೆಂಡಿಗೆ ಸುಮಾರು ೧೫ ಲಕ್ಷ ಟನ್‌ನಷ್ಟು ತನ್ನ ಮೈಯನ್ನೇ ಹೀಗೆ ಹೊರಗೆ ಚೆಲ್ಲುತ್ತಾನೆ. ಭೂಮಿಯ ಬಳಿ ಅದರ ವೇಗ ಸೆಕೆಂಡಿಗೆ ಸಾಮಾನ್ಯವಾಗಿ ೪೦೦ ಕಿಲೋಮೀಟರ್. ಸೂರ್ಯನಿಂದ ಇಲ್ಲಿಗೆ ಬರಲು ನಾಲ್ಕೈದು ದಿನ. ಉಳಿದ ನಕ್ಷತ್ರಗಳಿಗೂ ಇಂಥದ್ದೇ ಮಾರುತ ಇರುತ್ತದೆ.

ಪಾರ್ಕರ್ ಅವರ ಹೆಸರಿನ ನೌಕೆಯೊಂದು ೨೦೧೮ರ ಆಗಸ್ಟಿನಲ್ಲಿ ಹಾರಿತು. ಆಗ ಅವರಿಗೆ ೯೧ ವರ್ಷ, ಹಾರುವುದನ್ನು ಅವರೇ ನಿಂತು ನೋಡಿದರು. ೨೦೨೪ರ ಡಿಸೆಂಬರ್ ೨೪ರಂದು ಆ ನೌಕೆ ಸೂರ್ಯನ ಮೇಲ್ಮೈಯಿಂದ ೬೧ ಲಕ್ಷ ಕಿಲೋಮೀಟರ್ ಹತ್ತಿರಕ್ಕೆ ಹೋಗಿ ಬಂತು. ಸುಡದಿರಲಿ ಎಂದು ಅದಕ್ಕೆ ಇಂಗಾಲದಿಂದ ಮಾಡಿದ, ಸುಮಾರು ೧೧ ಸೆಂಟಿಮೀಟರ್ ದಪ್ಪದ ಗುರಾಣಿ. ಅಲ್ಲಿ ನಿಲ್ಲುವುದಿಲ್ಲ, ನುಗ್ಗಿ ಹೊರಗೆ ಓಡಿಬರುತ್ತದೆ.

ಈಗ ಗಮನಿಸಿ. ಎಚ್‌ಡಿ ೨೦೯೪೫೮ ಎಂಬ ನಕ್ಷತ್ರಕ್ಕೆ ಒಂದು ಗ್ರಹವಿದೆ. ಹೆಸರಿಗೆ ಬ್ಯಾಂಕಿನ ಖಾತೆ ಸಂಖ್ಯೆಯಂತಿದೆ, ಇರಲಿ. ನಮ್ಮಿಂದ ಸುಮಾರು ೧೬೦ ಜ್ಯೋತಿರ್ವರ್ಷ ದೂರ. ತನ್ನ ನಕ್ಷತ್ರದಿಂದ ಆ ಗ್ರಹ ಇರುವುದು ಸುಮಾರು ೭೦ ಲಕ್ಷ ಕಿಲೋಮೀಟರ್ ದೂರದಲ್ಲಿ. ಪಾರ್ಕರ್ ನೌಕೆ ಗುರಾಣಿ ಹಿಡಿದು ಒಂದು ಗಳಿಗೆ ಇಣುಕಿ ಬರುವ ಜಾಗದಲ್ಲಿ ಆ ಗ್ರಹ ಮನೆ ಮಾಡಿಕೊಂಡಿದೆ, ಕೋಟ್ಯಂತರ ವರ್ಷಗಳಿಂದ!

ಅಲ್ಲಿ ಏನು ನಡೆಯುತ್ತಿದೆ ಎಂದು ನಮಗೆ ಗೊತ್ತಾದದ್ದು ಹೇಗೆ? ಆ ಗ್ರಹ ಪ್ರತಿ ಮೂರೂವರೆ ದಿನಕ್ಕೊಮ್ಮೆ ನಮಗೂ ಅದರ ನಕ್ಷತ್ರಕ್ಕೂ ನಡುವೆ ಹಾದುಹೋಗುತ್ತದೆ. ಆಗ ನಕ್ಷತ್ರದ ಬೆಳಕು ಶೇಕಡಾ ಒಂದೂವರೆಯಷ್ಟು ಕುಂದುತ್ತದೆ. ದೀಪದ ಮುಂದೆ ನೊಣ ಹಾದಂತೆ. ಫ್ರಾನ್ಸಿನ ಆಲ್ಫ್ರೆಡ್ ವಿದಾಲ್-ಮಜಾರ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದಿಂದ ಅತಿನೇರಳೆ ಬೆಳಕಿನಲ್ಲಿ ಇದನ್ನೇ ನೋಡಿದರು. ಜಲಜನಕ, ಅಂದರೆ ಹೈಡ್ರೋಜನ್, ನುಂಗುವ ಬಣ್ಣ ಅದು. ಆ ಬಣ್ಣದಲ್ಲಿ ಬೆಳಕು ಶೇಕಡಾ ೧೫ರಷ್ಟು ಕುಂದಿತ್ತು! ಅಂದರೆ ಗ್ರಹಕ್ಕಿಂತ ಬಹು ದೊಡ್ಡದಾದ ಜಲಜನಕದ ಮೋಡವೊಂದು ಅದರ ಸುತ್ತ ಇದೆ, ಅದು ತಪ್ಪಿಸಿಕೊಂಡು ಹೋಗುತ್ತಿದೆ. ೨೦೦೩ರಲ್ಲಿ ಪ್ರಕಟವಾದ ಸುದ್ದಿ ಇದು. ಸೋರಿಕೆ ಸೆಕೆಂಡಿಗೆ ಕನಿಷ್ಠ ೧೦,೦೦೦ ಟನ್ ಎಂದು ಅಂದಾಜು ಮಾಡಿದರು.

ಇದನ್ನೂ ಮೀರಿಸಿದ್ದು ಜಿಜೆ ೪೩೬ ಎಂಬ ಕೆಂಪು ಕುಬ್ಜ ನಕ್ಷತ್ರದ ಗ್ರಹ. ಗಾತ್ರದಲ್ಲಿ ನಮ್ಮ ನೆಪ್ಚೂನಿನಷ್ಟಿದೆ. ದೂರ ಸುಮಾರು ೩೨ ಜ್ಯೋತಿರ್ವರ್ಷ. ವರ್ಷಕ್ಕೆ ಎರಡು ದಿನ ೧೫ ಗಂಟೆ. ಅಮೆರಿಕದ ಚೆರೋಕಿ ಜನರ ನುಡಿಯಲ್ಲಿ ಅದಕ್ಕೀಗ 'ಅವೊಹಾಲಿ' ಎಂದು ಹೆಸರಿಟ್ಟಿದ್ದಾರೆ. ಹಾಗೆಂದರೆ ಹದ್ದು. ಮಾಮೂಲು ಬೆಳಕಿನಲ್ಲಿ ಈ ಹದ್ದು ಹಾದಾಗ ನಕ್ಷತ್ರ ಕುಂದುವುದು ಶೇಕಡಾ ಒಂದಕ್ಕೂ ಕಡಿಮೆ. ಆದರೆ ಜಲಜನಕದ ಬಣ್ಣದಲ್ಲಿ ನೋಡಿದಾಗ ಶೇಕಡಾ ೫೬! ನಕ್ಷತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿಹೋಗಿತ್ತು. ಬೆಳಕು ಮಂಕಾಗಲು ಶುರುವಾದದ್ದು ಗ್ರಹ ಬರುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ. ಗ್ರಹ ದಾಟಿಹೋಗಿ ಗಂಟೆಗಳು ಕಳೆದರೂ ಪೂರ್ತಿ ತಿಳಿಯಾಗಲಿಲ್ಲ. ಹದ್ದಿಗೆ ಧೂಮಕೇತುವಿನಂಥ ಉದ್ದನೆಯ ಬಾಲವಿತ್ತು. ಜಿನೀವಾದ ಡೇವಿಡ್ ಎರೆನ್‌ರೈಶ್ ಅವರ ತಂಡ ೨೦೧೫ರಲ್ಲಿ ಇದನ್ನು ಜಗತ್ತಿಗೆ ತಿಳಿಸಿತು.

ಇಷ್ಟು ಓದಿಕೊಂಡೇ ನಾನು ಶಾಲೆಯಲ್ಲಿ 'ಉಫ್' ಎಂದು ಊದಿದ್ದು. ಈಗ ಲೆಕ್ಕಕ್ಕೆ ಬರೋಣ.

ಮೊದಲನೆಯ ತಾಳೆ, ಹುಡುಗಿಯ ಮೊದಲ ಪ್ರಶ್ನೆಗೆ. ಸೆಕೆಂಡಿಗೆ ೧೦,೦೦೦ ಟನ್ ಸೋರಿದರೆ ಖಾತೆ ಬರಿದಾಗಬೇಕಲ್ಲ? ಒಂದು ವರ್ಷಕ್ಕೆ ಸುಮಾರು ೩೧,೫೦೦ ಕೋಟಿ ಟನ್ ಆಯಿತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಹಣ ತೆಗೆದದ್ದು ಎಷ್ಟು ಎಂದಷ್ಟೇ ನೋಡಿದರೆ ಸಾಲದು, ಪಾಸ್‌ಬುಕ್ಕಿನ ಬಾಕಿಯನ್ನೂ ನೋಡಬೇಕು. ಆ ಗ್ರಹದ ತೂಕ ಗುರುವಿನ ತೂಕದ ಹತ್ತರಲ್ಲಿ ಏಳು ಭಾಗದಷ್ಟು. ಟನ್‌ನಲ್ಲಿ ಬರೆಯಲು ೧೩ರ ಮುಂದೆ ೨೩ ಸೊನ್ನೆ ಹಾಕಬೇಕು. ಭಾಗಿಸಿ ನೋಡಿದೆ. ಆ ಗ್ರಹವನ್ನು ಒಂದು ಲಕ್ಷ ರೂಪಾಯಿ ಇಟ್ಟ ಖಾತೆ ಎಂದುಕೊಂಡರೆ, ನೂರು ಕೋಟಿ ವರ್ಷದಲ್ಲಿ ಅದರಿಂದ ಹೋಗುವುದು ಬರೀ ೨೪ ರೂಪಾಯಿ! ಹೀಗಾಗಿಯೇ ಆ ಗ್ರಹ ಇನ್ನೂ ಗಟ್ಟಿಯಾಗಿ ಕೂತಿದೆ. ಮೊದಲ ಪ್ರಶ್ನೆ ತಾಳೆಯಾಯಿತು.

ಎರಡನೆಯ ತಾಳೆ. ಈ ೧೦,೦೦೦ ಟನ್ನನ್ನು ಹೊರಗೆ ಹಾಕುತ್ತಿರುವುದು ಆ ಗಾಳಿಯೇ ಹೌದಾ? ಅಲ್ಲಿಯ ಗಾಳಿಯೂ ನಮ್ಮ ಸೂರ್ಯನ ಗಾಳಿಯಷ್ಟೇ, ಸೆಕೆಂಡಿಗೆ ೧೫ ಲಕ್ಷ ಟನ್ ಎಂದಿಟ್ಟುಕೊಳ್ಳೋಣ. ಅದು ಎಲ್ಲ ದಿಕ್ಕಿಗೂ ಹರಡುತ್ತದೆ. ಅಷ್ಟು ದೊಡ್ಡ ಆಕಾಶದಲ್ಲಿ ಗ್ರಹದ ತಟ್ಟೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದೆ. ಗ್ರಹದ ಮೈಗೆ ನೇರವಾಗಿ ಬಡಿಯುವ ಪಾಲು ಸೆಕೆಂಡಿಗೆ ೧೦೦ ಟನ್ನಿಗೂ ಕಡಿಮೆ! ನೂರು ಟನ್ ಗಾಳಿ ಬಡಿದು ಹತ್ತು ಸಾವಿರ ಟನ್ ಅನಿಲವನ್ನು ಅಂಥ ಭಾರೀ ಗ್ರಹದ ಸೆಳೆತದಿಂದ ಕಿತ್ತು ಎತ್ತಬೇಕೇ? ಆ ಗಾಳಿಯ ಶಕ್ತಿಯನ್ನೆಲ್ಲ ಒಂದು ಚೂರೂ ಪೋಲಾಗದಂತೆ ಬಳಸಿದರೂ ಸಾಲುವುದಿಲ್ಲ. ಇಲ್ಲಿ ತಾಳೆಯಾಗಲಿಲ್ಲ.

ರಾತ್ರಿ ಹತ್ತಾಗಿತ್ತು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಮರುದಿನಕ್ಕೆಂದು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಆ ಸದ್ದು ಕೇಳುತ್ತ ಕೂತವನಿಗೆ ನಮ್ಮೂರ ಕಣ ಕಣ್ಣ ಮುಂದೆ ಬಂತು.

ನಮ್ಮದು ತುಮಕೂರು ಕಡೆಯ ರಾಗಿ ಹೊಲದ ಊರು. ಸುಗ್ಗಿಯಲ್ಲಿ ಕಣವನ್ನು ಸೆಗಣಿಯಿಂದ ಸಾರಿಸಿ, ತೆನೆ ಹರಡಿ, ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದರು. ಆಮೇಲೆ ತೂರುವ ಕೆಲಸ. ನಮ್ಮ ದೊಡ್ಡಪ್ಪ ಎತ್ತರದ ಮಣೆಯ ಮೇಲೆ ನಿಂತು, ಮೊರ ತುಂಬ ರಾಗಿ ಎತ್ತಿ ಹಿಡಿದು, ಗಾಳಿಗಾಗಿ ಕಾಯುತ್ತಿದ್ದರು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದೇ ಅಲ್ಲಿ. ಗಾಳಿ ಬಂದ ಕೂಡಲೇ ಮೊರ ಬಗ್ಗಿಸುತ್ತಿದ್ದರು. ತೂಕದ ಕಾಳು ನೆಟ್ಟಗೆ ಕೆಳಗೆ, ಹಗುರ ಹೊಟ್ಟು ಆಚೆಗೆ, ಬಾಲದಂತೆ ಉದ್ದಕ್ಕೆ.

ಈಗ ಹೇಳಿ, ಹೊಟ್ಟನ್ನು ಬೇರೆ ಮಾಡಿದ್ದು ಯಾರು? ಗಾಳಿ ಎನ್ನುತ್ತೀರಿ. ಆದರೆ ಕಣದ ನೆಲದ ಮೇಲೆ ರಾಶಿ ಬಿದ್ದಿದ್ದಾಗ ಅದೇ ಗಾಳಿ ಇಡೀ ದಿನ ಬೀಸಿದರೂ ರಾಶಿ ಅಲ್ಲಾಡುವುದಿಲ್ಲ. ಎತ್ತುವ ತೋಳು ಬೇಕು. ತೂರಿದ್ದು ದೊಡ್ಡಪ್ಪನ ತೋಳು, ಒಯ್ದದ್ದು ಗಾಳಿ.

ನನ್ನ ತಪ್ಪು ಸಿಕ್ಕಿತು! ೮೧ರ ಜಾಗದಲ್ಲಿ ೧೮ ಬರೆದಿದ್ದೆ. ತೋಳಿನ ಕೆಲಸವನ್ನು ಗಾಳಿಯ ಖಾತೆಗೆ ಹಾಕಿದ್ದೆ.

ನಕ್ಷತ್ರದ ಕಣದಲ್ಲಿ ಎತ್ತುವ ತೋಳು ಯಾವುದು? ಬಿಸಿಲು. ಅದರಲ್ಲೂ ಕಣ್ಣಿಗೆ ಕಾಣದ ಎಕ್ಸ್‌ರೇ ಮತ್ತು ಅತಿನೇರಳೆ ಕಿರಣಗಳು. ಆ ಗ್ರಹ ನಮಗಿಂತ ಸುಮಾರು ೨೧ ಪಟ್ಟು ಹತ್ತಿರವಿದೆ. ಹತ್ತಿರ ೨೧ ಪಟ್ಟಾದರೆ ಬಿಸಿಲಿನ ಹೊಡೆತ ೨೧ ಗುಣಿಸು ೨೧, ಅಂದರೆ ನಾನೂರಕ್ಕೂ ಹೆಚ್ಚು ಪಟ್ಟು. ಈ ಕಿರಣಗಳು ಗ್ರಹದ ವಾತಾವರಣದ ಮೇಲ್ಪದರವನ್ನು ಸುಮಾರು ೧೦,೦೦೦ ಡಿಗ್ರಿವರೆಗೆ ಕಾಯಿಸುತ್ತವೆ. ಹಾಲು ಉಕ್ಕಿದಂತೆ ಅನಿಲ ಉಬ್ಬಿ ಮೇಲೇಳುತ್ತದೆ. ಗ್ರಹದ ಹಿಡಿತ ಸಡಿಲವಾಗುವಷ್ಟು ಎತ್ತರಕ್ಕೆ ಬಂದಾಗ ನಕ್ಷತ್ರಮಾರುತ ಕೈ ಹಾಕುತ್ತದೆ, ಅದನ್ನು ಹಿಂದಕ್ಕೆ ಎಳೆದು ಬಾಲ ಮಾಡುತ್ತದೆ. ಗ್ರಹ ತನ್ನ ದಾರಿಯಲ್ಲಿ ಓಡುತ್ತಲೇ ಇರುವುದರಿಂದ ಬಾಲ ಬಾಗಿದ ಹೊಗೆಯಂತೆ ಹಿಂದೆ ಉಳಿಯುತ್ತದೆ.

ಮಾರುತಕ್ಕೆ ಇನ್ನೊಂದು ಕೆಲಸವೂ ಇದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಅದು ಖಾತೆ ಬದಲಾವಣೆ. ಮಾರುತದಲ್ಲಿ ಇರುವವು ಹೆಚ್ಚಾಗಿ ಎಲೆಕ್ಟ್ರಾನ್ ಕಳೆದುಕೊಂಡ ಜಲಜನಕದ ಕಣಗಳು, ಅಂದರೆ ಪ್ರೋಟಾನುಗಳು. ವೇಗವಾಗಿ ಬರುವ ಇಂಥ ಪ್ರೋಟಾನು ಗ್ರಹದಿಂದ ನಿಧಾನಕ್ಕೆ ಎದ್ದ ಜಲಜನಕದ ಎಲೆಕ್ಟ್ರಾನನ್ನು ಕಸಿದುಕೊಂಡುಬಿಡುತ್ತದೆ. ನಿಧಾನದ ಪರಮಾಣು ಈಗ ಬರಿಗೈ, ವೇಗದ್ದು ಪೂರ್ತಿ ಪರಮಾಣು. ಗ್ರಹದ ಸುತ್ತ ಅಷ್ಟು ವೇಗದ ಜಲಜನಕ ಏಕೆ ಕಾಣುತ್ತದೆ ಎಂಬುದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಇದೂ ಒಂದು. ಇನ್ನೊಂದು ಸೋಜಿಗ ಕೇಳಿ. ಮಾರುತ ತೀರಾ ಜೋರಾಗಿದ್ದರೆ ಏಳುವ ಅನಿಲವನ್ನು ಒಯ್ಯುವ ಬದಲು ಗ್ರಹದ ಕಡೆಗೇ ಒತ್ತಿ, ಸೋರಿಕೆಯನ್ನು ಕಡಿಮೆ ಮಾಡಲೂಬಹುದು ಎಂದು ಲೆಕ್ಕಗಳು ತೋರಿಸುತ್ತವೆ. ಕಳ್ಳನೆಂದು ನಾನು ಬೈದವನೇ ಕೆಲವೊಮ್ಮೆ ಕಾವಲುಗಾರ!

ತೋಳು ಜೋರಾದರೆ ತೂರುವುದೂ ಜೋರಾಗಬೇಕಲ್ಲ? ಎಚ್‌ಡಿ ೧೮೯೭೩೩ ಎಂಬ ನಕ್ಷತ್ರದ ಗ್ರಹವನ್ನು ೨೦೧೦ರ ಏಪ್ರಿಲಿನಲ್ಲಿ ಹಬಲ್ ನೋಡಿದಾಗ ಸೋರಿಕೆ ಕಾಣಲೇ ಇಲ್ಲ. ೨೦೧೧ರ ಸೆಪ್ಟೆಂಬರಿನಲ್ಲಿ ಮತ್ತೆ ನೋಡಿದರೆ ಸೆಕೆಂಡಿಗೆ ಸಾವಿರ ಟನ್ನಿಗೂ ಹೆಚ್ಚು ಅನಿಲ ಹೊರಡುತ್ತಿದೆ! ಹಬಲ್ ನೋಡುವುದಕ್ಕೆ ಸುಮಾರು ಎಂಟು ಗಂಟೆ ಮೊದಲು ಆ ನಕ್ಷತ್ರದಲ್ಲಿ ದೊಡ್ಡ ಎಕ್ಸ್‌ರೇ ಜ್ವಾಲೆಯೊಂದು ಭುಗಿಲೆದ್ದದ್ದನ್ನು ಸ್ವಿಫ್ಟ್ ಎಂಬ ಉಪಗ್ರಹ ಕಂಡಿತ್ತು. ಆ ಕಾವು ಅನಿಲವನ್ನು ಎಬ್ಬಿಸಿರಬಹುದು, ಜ್ವಾಲೆಯ ಜೊತೆ ಬಂದ ಬಿರುಸು ಮಾರುತವೂ ಕೈ ಸೇರಿಸಿರಬಹುದು. ಅಂತೂ ನಕ್ಷತ್ರ ಸಿಡುಕಿದ ದಿನ ಗ್ರಹ ಹೆಚ್ಚು ಕಳೆದುಕೊಂಡಿತು.

ಹಾಗೆಂದು ಗ್ರಹ ಸುಮ್ಮನೆ ಪೆಟ್ಟು ತಿನ್ನುತ್ತ ಕೂರುತ್ತದೆ ಎಂದುಕೊಳ್ಳಬೇಡಿ. ಜೋರಾಗಿ ಹರಿಯುವ ಕಾಲುವೆಯಲ್ಲಿ ಕಡ್ಡಿ ನೆಟ್ಟರೆ ಅಲೆಯೆಲ್ಲ ಕೆಳಕ್ಕೇ ಹೋಗುತ್ತದೆ. ನಿಧಾನಕ್ಕೆ ಹರಿಯುವಲ್ಲಿ ನೆಟ್ಟರೆ ಅಲೆ ಮೇಲ್ಮುಖವಾಗಿಯೂ ಹೋಗುತ್ತದೆ. ನಕ್ಷತ್ರಮಾರುತವೂ ಹುಟ್ಟಿದ ಜಾಗದ ಹತ್ತಿರ ಇನ್ನೂ ನಿಧಾನ, ನಕ್ಷತ್ರದ ಕಾಂತಕ್ಷೇತ್ರದ ಹಿಡಿತದಲ್ಲಿರುತ್ತದೆ. ಸೂರ್ಯನ ಸುತ್ತಲಿನ ಆ ಗಡಿಯನ್ನು ಪಾರ್ಕರ್ ನೌಕೆ ೨೦೨೧ರ ಏಪ್ರಿಲಿನಲ್ಲಿ, ಸೂರ್ಯನಿಂದ ಸುಮಾರು ೧ ಕೋಟಿ ೩೦ ಲಕ್ಷ ಕಿಲೋಮೀಟರ್ ದೂರದಲ್ಲಿ ಮೊದಲ ಬಾರಿ ದಾಟಿತು. ಇಂಥ ಗಡಿಯ ಒಳಗೆ ಇರುವ ಗ್ರಹ ನಕ್ಷತ್ರದ ಕಡೆಗೇ ಅಲೆ ಕಳಿಸಬಲ್ಲದು. ಎಚ್‌ಐಪಿ ೬೭೫೨೨ ಎಂಬ ನಕ್ಷತ್ರಕ್ಕೆ ಬರೀ ೧ ಕೋಟಿ ೭೦ ಲಕ್ಷ ವರ್ಷ ವಯಸ್ಸು, ನಕ್ಷತ್ರಗಳಲ್ಲಿ ಅದು ತೊಟ್ಟಿಲ ಕೂಸು. ಅದರ ಗ್ರಹ ಏಳು ದಿನಕ್ಕೊಂದು ಸುತ್ತು ಹಾಕುತ್ತದೆ. ಗ್ರಹ ನಮ್ಮ ಕಡೆಗೆ ಬಂದಾಗಲೆಲ್ಲ ನಕ್ಷತ್ರದಲ್ಲಿ ಜ್ವಾಲೆಗಳು ಹೆಚ್ಚು ಏಳುತ್ತವೆ ಎಂದು ೨೦೨೫ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಗ್ರಹವೇ ನಕ್ಷತ್ರವನ್ನು ಕೆಣಕಿ, ಆ ಸಿಟ್ಟಿನ ಬೆಂಕಿಯನ್ನು ತನ್ನ ಮೇಲೇ ಎಳೆದುಕೊಳ್ಳುತ್ತಿದೆ ಎಂದು ಅವರ ಅಭಿಪ್ರಾಯ. ನಿಮ್ಮ ಮನೆಯಲ್ಲೂ ನಿದ್ದೆ ಮಾಡುವ ಅಣ್ಣನನ್ನು ಕೆಣಕುವವರು ಇರಬೇಕು, ಅಲ್ಲವೇ?

ಇನ್ನು ಹುಡುಗಿಯ ಎರಡನೆಯ ಪ್ರಶ್ನೆ, ನಮ್ಮ ಭೂಮಿಯದು.

ದೊಡ್ಡ ಖಾತೆದಾರರು ೨೪ ರೂಪಾಯಿ ಹೋದರೆ ಅಳುವುದಿಲ್ಲ. ಸಣ್ಣ ಖಾತೆಯವರ ಪಾಡೇ ಬೇರೆ. ಭೂಮಿಗಿಂತ ಸ್ವಲ್ಪ ದೊಡ್ಡದಾಗಿ, ಕಲ್ಲಿನ ಮೈಯ ಮೇಲೆ ತೆಳ್ಳನೆಯ ಜಲಜನಕದ ಕಂಬಳಿ ಹೊದ್ದು ಹುಟ್ಟಿದ ಗ್ರಹಗಳು ಎಷ್ಟೋ ಇವೆ. ಅವು ನಕ್ಷತ್ರಕ್ಕೆ ಹತ್ತಿರವಿದ್ದರೆ ಕಂಬಳಿ ಪೂರ್ತಿ ಹೋಗಿ ಬರೀ ಕಲ್ಲು ಉಳಿಯಬಹುದು. ಅದೂ ಎಳೆಯ ನಕ್ಷತ್ರದ ಎಕ್ಸ್‌ರೇ ನೂರಾರು ಪಟ್ಟು ಜೋರಾಗಿರುವುದರಿಂದ ಹೆಚ್ಚಿನ ನಷ್ಟ ಮೊದಲ ಕೆಲವು ಕೋಟಿ ವರ್ಷಗಳಲ್ಲೇ ಆಗಿಬಿಡುತ್ತದೆ. ಕೆಪ್ಲರ್ ದೂರದರ್ಶಕ ಕಂಡ ಗ್ರಹಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸಿದಾಗ, ಭೂಮಿಯ ಒಂದೂವರೆಯಿಂದ ಎರಡು ಪಟ್ಟು ಅಗಲದ ಗ್ರಹಗಳು ವಿರಳ ಎಂದು ೨೦೧೭ರಲ್ಲಿ ತಿಳಿಯಿತು. ಸಾಲಿನ ನಡುವೆ ಹಲ್ಲು ಬಿದ್ದಂತೆ. ಕಂಬಳಿ ಉಳಿಸಿಕೊಂಡವು ಆ ಕಡೆ, ಕಳೆದುಕೊಂಡವು ಈ ಕಡೆ ಎಂಬುದು ಅದಕ್ಕಿರುವ ಮುಖ್ಯ ವಿವರಣೆ.

ನಮ್ಮ ನೆರೆಯಲ್ಲೂ ಒಬ್ಬ ಸಣ್ಣ ಖಾತೆದಾರನಿದ್ದಾನೆ, ಮಂಗಳ. ನಮ್ಮ ಮಂಗಳಯಾನ ೨೦೧೪ರ ಸೆಪ್ಟೆಂಬರ್ ೨೪ರಂದು ಅಲ್ಲಿಗೆ ತಲುಪಿದ್ದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರುತ್ತದೆ. ಅದೇ ವಾರ ಅಮೆರಿಕದ ಮಾವೆನ್ ನೌಕೆಯೂ ತಲುಪಿತು. ಸೌರಮಾರುತ ಮಂಗಳನ ಗಾಳಿಯನ್ನು ಸೆಕೆಂಡಿಗೆ ಸುಮಾರು ೧೦೦ ಗ್ರಾಂನಂತೆ ಒಯ್ಯುತ್ತಿದೆ ಎಂದು ಮಾವೆನ್ ಅಳೆದು ಹೇಳಿತು. ೧೦೦ ಗ್ರಾಂ ಅಂದರೆ ಅಂಗಡಿಯಲ್ಲಿ ಸಾಸಿವೆ ಕಟ್ಟಿಸಿಕೊಂಡಷ್ಟು. ಆದರೆ ಮಂಗಳನ ತೂಕ ಭೂಮಿಯ ಹತ್ತನೆಯ ಒಂದು ಭಾಗ, ಗಾಳಿಯ ಮೇಲೆ ಅವನ ಹಿಡಿತ ಕಡಿಮೆ. ಅವನ ಕಾಂತಕ್ಷೇತ್ರ ಬಲು ಹಿಂದೆಯೇ ಆರಿಹೋಯಿತು. ಆಗಿನ ಎಳೆಯ ಸೂರ್ಯನೋ ಬಲು ಜೋರು. ಒಂದು ಕಾಲದಲ್ಲಿ ನೀರು ಹರಿದ ಗುರುತುಗಳಿರುವ ಆ ನೆಲ ಇಂದು ಒಣಗಿ ಕೂತಿದೆ.

ಭೂಮಿ? ಭೂಮಿಯಿಂದಲೂ ಸೋರುತ್ತದೆ. ಸೆಕೆಂಡಿಗೆ ಸುಮಾರು ೩ ಕಿಲೋ ಜಲಜನಕ ಹೊರಟುಹೋಗುತ್ತದೆ. ಆದರೆ ನಮ್ಮ ವಾತಾವರಣದ ಒಟ್ಟು ತೂಕ ಐದು ಕೋಟಿ ಕೋಟಿ ಟನ್ ಅಲ್ಲ, ಅದರ ಹತ್ತು ಪಟ್ಟಿಗೂ ಮಿಗಿಲು. ಇದೇ ದರದಲ್ಲಿ ಅಷ್ಟು ತೂಕ ಸೋರಲು ಐದು ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಸೂರ್ಯನ ವಯಸ್ಸೇ ಇನ್ನೂ ೪೬೦ ಕೋಟಿ ವರ್ಷ. ನಾವು ಸೂರ್ಯನಿಂದ ೧೫ ಕೋಟಿ ಕಿಲೋಮೀಟರ್ ದೂರದಲ್ಲಿದ್ದೇವೆ, ತೋಳಿನ ಬಲ ಇಲ್ಲಿಗೆ ಬರುವಾಗ ಕುಗ್ಗಿರುತ್ತದೆ. ಭೂಮಿಗೆ ತೂಕವೂ ಇದೆ. ಜೊತೆಗೆ ನಮ್ಮ ಕಾಂತಕ್ಷೇತ್ರ ಸೂರ್ಯನ ಕಡೆಗೆ ಸುಮಾರು ೬೦,೦೦೦ ಕಿಲೋಮೀಟರ್ ದೂರದಲ್ಲೇ ಮಾರುತವನ್ನು ತಡೆದು ಪಕ್ಕಕ್ಕೆ ಸರಿಸುತ್ತದೆ. ಈ ಮಾರುತದ ಮೇಲೆ ಕಣ್ಣಿಡಲು ನಮ್ಮದೇ ಆದಿತ್ಯ-ಎಲ್೧ ನೌಕೆ ೨೦೨೩ರ ಸೆಪ್ಟೆಂಬರ್ ೨ರಂದು ಹಾರಿ, ಭೂಮಿಯಿಂದ ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ ಕೂತಿದೆ. ಸೂರ್ಯನ ಹೊರಪದರವನ್ನು ನೋಡುವ ಅದರ ಮುಖ್ಯ ಉಪಕರಣ ಸಿದ್ಧವಾದದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ.

ಮಾರನೆಯ ವಾರ ಮೇಷ್ಟ್ರ ಅನುಮತಿ ಪಡೆದು ಮತ್ತೆ ಆ ತರಗತಿಗೆ ಹೋದೆ. ಹೋಗುವಾಗ ಮನೆಯಿಂದ ಮೊರ ಒಯ್ದಿದ್ದೆ, ಒಂದು ಪೊಟ್ಟಣದಲ್ಲಿ ಹೊಟ್ಟು ಬೆರೆಸಿದ ರಾಗಿ. "ಹೋದ ವಾರ ನಾನು ನಿಮಗೆ ಹೇಳಿದ್ದು ತಪ್ಪು" ಎಂದೆ. ತರಗತಿ ಸ್ತಬ್ಧವಾಯಿತು. ತಾತಂದಿರು ತಪ್ಪು ಎಂದು ಹೇಳುವುದನ್ನು ಅವರು ಹೆಚ್ಚು ಕೇಳಿರಲಿಲ್ಲವೇನೋ. ಅಂಗಳಕ್ಕೆ ಹೋಗಿ ತೂರಿ ತೋರಿಸಿದೆ. ಮೊದಲು ರಾಗಿಯನ್ನು ನೆಲದ ಮೇಲೆ ಸುರಿದು ಗಾಳಿಗೆ ಬಿಟ್ಟೆವು, ಏನೂ ಆಗಲಿಲ್ಲ. ಆಮೇಲೆ ಎತ್ತಿ ಬಿಟ್ಟೆವು, ಹೊಟ್ಟು ಹಾರಿತು, ಕಾಳು ಕಾಲ ಬುಡಕ್ಕೆ ಬಿತ್ತು. ಮಕ್ಕಳ ಕೂದಲೆಲ್ಲ ಹೊಟ್ಟು.

ಆ ಹುಡುಗಿ ಮತ್ತೆ ಕೈ ಎತ್ತಿದಳು. "ತಾತ, ಶುಕ್ರನಿಗೆ ಭೂಮಿ ಥರ ಕಾಂತದ ಗುರಾಣಿ ಇದೆಯಾ?"

"ಇಲ್ಲಮ್ಮ."

"ಮತ್ತೆ ಅಲ್ಲಿ ಭೂಮಿಗಿಂತ ತೊಂಬತ್ತು ಪಟ್ಟು ಒತ್ತಡದ ಗಾಳಿ ಇದೆ ಅಂತ ನಮ್ಮ ಪುಸ್ತಕದಲ್ಲಿದೆ. ಅದನ್ನ ಯಾಕೆ ಮಾರುತ ಒಯ್ದಿಲ್ಲ?"

ಈ ಸಲ ನಾನು ತೊದಲಲಿಲ್ಲ. ಕಾಲ ಬುಡದಲ್ಲಿ ಬಿದ್ದಿದ್ದ ಕಾಳನ್ನು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅವಳೇ ಹೇಳಿದಳು: "ಶುಕ್ರನ ಗಾಳಿ ಇಂಗಾಲದ ಡೈಆಕ್ಸೈಡು. ಅದು ತೂಕ. ಅದು ಕಾಳು!"

ಹೌದು. ಶುಕ್ರನ ತೂಕವೂ ಭೂಮಿಗೆ ಹತ್ತಿರ ಹತ್ತಿರ, ಗಟ್ಟಿ ಹಿಡಿತ. ಕಾಳು ಉಳಿದಿದೆ. ಅವನ ಹೊಟ್ಟು, ಅಂದರೆ ನೀರಿನಲ್ಲಿದ್ದ ಹಗುರ ಜಲಜನಕ, ಎಂದೋ ಹಾರಿಹೋಗಿದೆ. ಅಲ್ಲಿ ಉಳಿದಿರುವ ಜಲಜನಕದಲ್ಲಿ ಭಾರದ ಬಗೆಯದರ ಪಾಲು ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಹಗುರವಾದದ್ದು ಹೋಯಿತು ಎಂಬುದಕ್ಕೆ ಅದೇ ರಸೀದಿ.

ಕೊನೆಗೆ ಅಜ್ಜ ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಒಂದು ಕೆಲಸ. ಮಾರ್ಚ್, ಏಪ್ರಿಲ್ ತಿಂಗಳ ರಾತ್ರಿ ಊಟವಾದ ಮೇಲೆ ತಾರಸಿಗೆ ಹೋಗಿ. ಸಿಂಹ ರಾಶಿ ಚೆನ್ನಾಗಿ ಮೇಲೆ ಬಂದಿರುತ್ತದೆ. ಮಘೆ, ಹುಬ್ಬೆ, ಉತ್ತರೆ ಎಂದು ಮಳೆಯ ಹೆಸರಿನಲ್ಲಿ ಅಜ್ಜ ಅಜ್ಜಿಯರಿಗೆ ಗೊತ್ತಿರುವ ನಕ್ಷತ್ರಗಳು ಇರುವುದು ಅಲ್ಲೇ. ಸಿಂಹದ ಬಾಲದ ತುದಿಯೇ ಉತ್ತರೆ, ಅಂದರೆ ಉತ್ತರಾ ಫಲ್ಗುಣಿ. ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿಯಿರಿ. ಉತ್ತರೆಯಿಂದ ಉತ್ತರ ದಿಕ್ಕಿಗೆ ಒಂದು ಮುಷ್ಟಿಗಿಂತ ತುಸು ಹೆಚ್ಚು ದೂರದಲ್ಲಿ ಜಿಜೆ ೪೩೬ ಇದೆ. ಬರಿಗಣ್ಣಿಗೆ ಕಾಣುವುದಿಲ್ಲ. ಆದರೂ ಅತ್ತ ಬೆರಳು ತೋರಿಸಿ. ಆ ಕತ್ತಲಲ್ಲಿ ಒಂದು ಹದ್ದು, ಎರಡೂವರೆ ದಿನಕ್ಕೊಮ್ಮೆ ತನ್ನ ನಕ್ಷತ್ರವನ್ನು ಸುತ್ತುತ್ತ, ಬಾಲ ಬೀಸಿಕೊಂಡು ಹಾರುತ್ತಿದೆ.

ಮನೆಯಲ್ಲಿ ಮೊರ ಇದ್ದರೆ ಅದನ್ನೂ ತಾರಸಿಗೆ ಒಯ್ಯಿರಿ. ಗುಡಿಸುವುದು ಮಾತ್ರ ಮರೆಯಬೇಡಿ.